ಸೇತುವೆಯ ಮೇಲಿನ ಮಾತು

ಮೊದಲೇ ಹೇಳಿಬಿಡುತ್ತೇನೆ, ಆ ಮಾತನ್ನು ಸಿನಿಮಾದಲ್ಲಿ ಯಾರೂ ಆಡಿರಲಿಲ್ಲ. ಅದನ್ನು ಹುಟ್ಟಿಸಿದವನು ನಾನು. ಅದರ ಮೇಲೆ ಬುದ್ಧಿ ಬಲಿತ ಇಬ್ಬರು ಗಂಡಸರು ಆರೇಳು ವರ್ಷ ಕಿತ್ತಾಡಿದರು, ನಾನು ಅವರ ನಡುವೆ ಕೂತು ಆಕಳಿಸಿದೆ. ಈಗ ನೆನೆಸಿಕೊಂಡರೂ ಮೈ ಭಾರವಾಗುತ್ತದೆ.

ಆಗ ನಾನು ಅರಸೀಕೆರೆ ಸ್ಟೇಷನ್ನಿನ ವಿಚಾರಣೆ ಕಿಟಕಿಯ ಗುಮಾಸ್ತ. ಯಾವ ರೈಲು ಎಷ್ಟೊತ್ತಿಗೆ ಎಂದು ಕೇಳಿದವರಿಗೆ ಹೇಳುವುದು, ಅದನ್ನೇ ಮೈಕಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಕೂಗುವುದು ನನ್ನ ಕೆಲಸ. ಇಂಗ್ಲಿಷಿನಲ್ಲಿ ನನಗೆ ತಡವರಿಸದೆ ಬರುತ್ತಿದ್ದುದು ನಾಲ್ಕೇ ವಾಕ್ಯ. ರೈಲು ಬರುತ್ತಿದೆ, ಹೊರಡುತ್ತಿದೆ, ತಡವಾಗಿದೆ, ತಡವಾದದ್ದಕ್ಕೆ ವಿಷಾದಿಸುತ್ತೇವೆ. ಅದು ಊರಿಗೆ ಹೇಗೆ ಗೊತ್ತಾಗಬೇಕು? ದಿನಾ ಲೌಡ್‌ಸ್ಪೀಕರಿನಲ್ಲಿ ನನ್ನ ದನಿ ಕೇಳಿ ಕೇಳಿ, ಈತ ಇಂಗ್ಲಿಷನ್ನು ಅರೆದು ಕುಡಿದವನು ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. ನಾನೂ ಅಲ್ಲಗಳೆಯಲಿಲ್ಲ. ಪುಕ್ಕಟೆ ಬಂದ ಮರ್ಯಾದೆ, ಇರಲಿ ಎಂದುಕೊಂಡೆ.

ಆ ಮರ್ಯಾದೆಯನ್ನು ನಂಬಿ ನನ್ನನ್ನು ಕರೆದವರು ಸ್ಟೇಷನ್ ರಸ್ತೆಯ ಒಬ್ಬ ಕೊಬ್ಬರಿ ವ್ಯಾಪಾರಿ. ನಾವೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಐವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಕೋಪ ಮೂಗಿನ ತುದಿಯಲ್ಲಿ. ವೀಡಿಯೋ ಸೀಡಿ ಬಂದ ಹೊಸತರಲ್ಲಿ ಊರಿನಲ್ಲಿ ಎಲ್ಲರಿಗಿಂತ ಮೊದಲು ಪ್ಲೇಯರ್ ತಂದು ತಮ್ಮ ಕೊಬ್ಬರಿ ಮಂಡಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಬೆಂಗಳೂರಿನಿಂದ ಯಾರೋ ತಂದುಕೊಟ್ಟ ಇಂಗ್ಲಿಷ್ ಸಿನಿಮಾವೊಂದು ಅವರ ತಲೆಗೆ ಹತ್ತಿತ್ತು. ಅದರಲ್ಲಿ ಒಬ್ಬ ವೀರ. ಬರಿಗೈಯಲ್ಲಿ ಏನನ್ನು ಮುಟ್ಟಿದರೂ ಅದು ನಿಂತುಹೋಗುತ್ತದೆ. ಲಾರಿ ಮುಟ್ಟಿದರೆ ಲಾರಿ, ಗಡಿಯಾರ ಮುಟ್ಟಿದರೆ ಗಡಿಯಾರ, ಮನುಷ್ಯನನ್ನು ಮುಟ್ಟಿದರೆ ಎದೆಬಡಿತ. ಅದಕ್ಕೇ ಸದಾ ಗ್ಲೌಸು ಹಾಕಿಕೊಂಡಿರುತ್ತಾನೆ. ಅವನಿಗೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರಿತ್ತು, ನಮಗೆ ಮಾತ್ರ ಅವನು ಗ್ಲೌಸಿನವನು.

ಮೂರನೆಯವನು ಹಳೇಬೀಡಿನ ಗೈಡು. ರೈಲಿನಲ್ಲಿ ಬರುವ ಪ್ರವಾಸಿಗಳನ್ನು ಹಿಡಿಯಲು ಆಗಾಗ ಸ್ಟೇಷನ್ನಿಗೆ ಬಂದು ನನ್ನ ಕಿಟಕಿಯ ಮುಂದೆ ನಿಲ್ಲುತ್ತಿದ್ದ, ಹಾಗೆ ಪರಿಚಯ. ಹೆಚ್ಚುಕಡಿಮೆ ನನ್ನ ವಯಸ್ಸಿನವನು, ತೆಳ್ಳಗೆ, ಮೆತ್ತನೆಯ ಮಾತಿನವನು. ದೇವಸ್ಥಾನದ ಬಗ್ಗೆ ಒಂದು ಗಂಟೆ ಇಂಗ್ಲಿಷಿನಲ್ಲಿ ನಿಲ್ಲಿಸದೆ ಹೇಳುತ್ತಿದ್ದ. ಎಲ್ಲ ಬಾಯಿಪಾಠ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಮುಗುಳ್ನಕ್ಕು ಮುಂದಿನ ಶಿಲ್ಪಕ್ಕೆ ಹೋಗಿಬಿಡುತ್ತಿದ್ದ. ಒಟ್ಟಿನಲ್ಲಿ ನಾವಿಬ್ಬರೂ ಒಂದೇ ಇಂಗ್ಲಿಷ್ ಮೀಡಿಯಂ. ಆದರೆ ಅವನು ಅದನ್ನು ಒಪ್ಪಿಕೊಳ್ಳುತ್ತಿದ್ದ, ನಾನು ಒಪ್ಪಿಕೊಳ್ಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ನಮ್ಮ ಕೂಟ. ಅವತ್ತು ಮಂಡಿಯಲ್ಲಿ ಹರಾಜಿಲ್ಲ, ಹಳೇಬೀಡಿನಲ್ಲಿ ಜನ ಕಡಿಮೆ, ನನಗೆ ರಾತ್ರಿ ಪಾಳಿ ಮುಗಿದ ಮರುದಿನದ ರಜೆ. ಕೊಬ್ಬರಿ ಚೀಲಗಳಿಗೆ ಒರಗಿಕೊಂಡು ಕೂರುತ್ತಿದ್ದೆವು. ಯಜಮಾನರ ಮನೆಯಿಂದ ಕಡ್ಲೆಪುರಿ, ಕಾಫಿ ಬರುತ್ತಿತ್ತು. ಪರದೆಯ ಮೇಲಿನವರು ಒಂದು ಮಾತು ಆಡಿದ ಕೂಡಲೇ ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ಕಾಲು ಭಾಗ ಅರ್ಥವಾಗುತ್ತಿತ್ತು, ಮುಕ್ಕಾಲು ಭಾಗ ಮುಖ ನೋಡಿ ಹೇಳುತ್ತಿದ್ದೆ. ಸಿಟ್ಟಿನ ಮುಖಕ್ಕೆ ಸಿಟ್ಟಿನ ಮಾತು, ಅಳುವ ಮುಖಕ್ಕೆ ಅಳುವ ಮಾತು. ಯಾರಿಗೂ ಅನುಮಾನ ಬರಲಿಲ್ಲ.

ಮೊದಲ ಭಾಗದ ಕೊನೆಯಲ್ಲಿ ಒಂದು ಸೇತುವೆ ಬರುತ್ತದೆ. ಗ್ಲೌಸಿನವನ ಅಣ್ಣ ಕಂಬಿ ಹಿಡಿದು ನೇತಾಡುತ್ತಿದ್ದಾನೆ. ತಮ್ಮನ ಗ್ಲೌಸು ಹೊಡೆದಾಟದಲ್ಲಿ ಹರಿದುಹೋಗಿದೆ. ಕೈ ಹಿಡಿದರೆ ಅಣ್ಣನ ಎದೆ ನಿಲ್ಲುತ್ತದೆ, ಹಿಡಿಯದಿದ್ದರೆ ಅಣ್ಣ ಹೊಳೆಗೆ ಬೀಳುತ್ತಾನೆ. ತಮ್ಮ ಕೈ ಚಾಚುತ್ತಾನೆ, ಹಿಂದಕ್ಕೆ ತೆಗೆಯುತ್ತಾನೆ. ಅಣ್ಣ ಬೀಳುತ್ತಾನೆ. ಇದೆಲ್ಲ ನಾನು ಆಮೇಲೆ ನೋಡಿ ತಿಳಿದುಕೊಂಡದ್ದು. ಅವತ್ತು ಆ ಹೊತ್ತಿಗೆ ಸರಿಯಾಗಿ ನನಗೆ ತೂಕಡಿಕೆ ಬಂದಿತ್ತು. ಕೊಬ್ಬರಿಯ ಘಮ, ಬೆನ್ನಿಗೆ ಮೆತ್ತನೆಯ ಚೀಲ, ಹಿಂದಿನ ರಾತ್ರಿಯ ಪಾಳಿ. ಗೈಡು ನನ್ನ ಮೊಣಕಾಲು ಅಲುಗಿಸಿದ.

"ಬೀಳೋವಾಗ ಏನೋ ಅಂದ ನೋಡಿ ಸಾರ್. ಏನಂದ?"

ಮಲಗಿದ್ದೆ ಎಂದು ಹೇಳಲು ನಾಚಿಕೆಯಾಯಿತು. ಕಣ್ಣು ಬಿಟ್ಟಾಗ ಪರದೆಯ ಮೇಲೆ ತಮ್ಮ ಅಳುತ್ತಿದ್ದ. ಬಾಯಿಗೆ ಏನು ಬಂತೋ ಅದನ್ನೇ ಅಂದೆ.

"ನಿನ್ನ ತಪ್ಪಿಲ್ಲ ಕಣೋ, ಅಂದ."

ಇನ್ನೊಂದು ಸಲ ಹಾಕಿ ಎಂದು ಗೈಡು ಯಜಮಾನರನ್ನು ಕೇಳಿಕೊಂಡ. ಹಿಂದಕ್ಕೆ ಓಡಿಸಿ ಹಾಕಿದರು. ಅಣ್ಣನ ತುಟಿ ಅಲ್ಲಾಡಿದ್ದು ನಿಜ, ಆದರೆ ದನಿ ಇಲ್ಲ, ಬರೀ ಮ್ಯೂಸಿಕ್ಕಿನ ಅಬ್ಬರ. ನನ್ನ ಕಿವಿಗೂ ಏನೂ ಕೇಳಲಿಲ್ಲ. ಆಗಲೇ ಬಾಯಿಬಿಡಬಹುದಿತ್ತು. ಅದೇನು ಮಹಾ, ಒಂದು ಸಿನಿಮಾದ ಮಾತು ತಾನೇ ಎಂದು ಬಿಟ್ಟೆ. ಮೈಕಿನವರ ಕಿವಿಗೆ ಕೇಳುವುದು ನಮಗೆಲ್ಲಿ ಕೇಳಬೇಕು ಎಂದು ಯಜಮಾನರು ಹೊಗಳಿದರು.

ಒಂದೂವರೆ ವರ್ಷವಾದ ಮೇಲೆ ಎರಡನೇ ಭಾಗ ಬಂತು. ಹೊಳೆಗೆ ಬಿದ್ದ ಅಣ್ಣ ಸತ್ತಿಲ್ಲ. ಕೆನ್ನೆಯ ಮೇಲೆ ಅಂಗೈಯಗಲ ಸುಟ್ಟ ಗಾಯ, ಕಣ್ಣಲ್ಲಿ ಕೆಂಡ. ಸಿನಿಮಾದುದ್ದಕ್ಕೂ ತಮ್ಮನನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಾನೆ. ಸೇತುವೆಯ ಮೇಲೆ ನೀನು ಕೈ ಬಿಟ್ಟೆ, ಕೈ ಬಿಟ್ಟೆ ಎಂದು ಅದೊಂದೇ ಮಾತು. ಇದು ಮಾತ್ರ ನನಗೂ ಸರಿಯಾಗಿ ಅರ್ಥವಾಯಿತು. ಅಲ್ಲಿಗೆ ನನ್ನ ಪೀಡೆ ಶುರುವಾಯಿತು.

ಯಜಮಾನರು ಉರಿದುಬಿದ್ದರು. ಬೀಳುವಾಗ ತಪ್ಪಿಲ್ಲ ಎಂದವನು ಎದ್ದು ಬಂದು ಹೀಗೆ ಹಗೆ ಸಾಧಿಸುತ್ತಾನೆಯೇ, ಸಿನಿಮಾ ತೆಗೆದವನಿಗೆ ತಾನು ಮೊದಲು ಏನು ತೆಗೆದಿದ್ದೆ ಎಂಬ ನೆನಪು ಬೇಡವೇ ಎಂದು ಕೂಗಾಡಿದರು. ಕೊಬ್ಬರಿ ಮಂಡಿಯಲ್ಲಿ ಬೆಳೆದವರು ಅವರು. ಯಾವ ಚೀಲ ಮೊದಲು ಬಂತೋ ಅದಕ್ಕೆ ಮೊದಲ ನಂಬರು, ಮುಂದೆ ಬಂದದ್ದಕ್ಕೆ ಮುಂದಿನದು, ಅದು ಬಿಟ್ಟು ಬೇರೆ ಕ್ರಮ ಅವರ ತಲೆಗೆ ಹೋಗುತ್ತಿರಲಿಲ್ಲ. ಗೈಡು ಒಪ್ಪಲಿಲ್ಲ. ಮೆತ್ತನೆಯ ಮನುಷ್ಯ ಅವತ್ತು ಕಲ್ಲಿನ ಹಾಗೆ ಕೂತ. ಅವನ ಪ್ರಕಾರ ಎರಡನೆಯದು ಮೊದಲು ನಡೆದದ್ದು, ಮೊದಲನೆಯದು ಆಮೇಲೆ. ಅಣ್ಣತಮ್ಮಂದಿರು ಮೊದಲು ಹೊಡೆದಾಡಿಕೊಂಡರು, ಆಮೇಲೆ ಸೇತುವೆ ಬಂತು, ಆಗ ಅಣ್ಣ ಆ ಮಾತು ಹೇಳಿ ಹೋದ. ಕತೆ ಮುಗಿಯುವುದು ಅಲ್ಲಿ.

ಹಾಗಾದರೆ ಎರಡನೆಯದರಲ್ಲಿ ಅಣ್ಣ ಸೇತುವೆಯಿಂದ ಬಿದ್ದೆ ಎನ್ನುತ್ತಾನಲ್ಲ, ಅದು ಹೇಗೆ ಎಂದು ಯಜಮಾನರು ಕೇಳಿದರು. ಅದು ಬೇರೆ ಸೇತುವೆ ಎಂದ ಗೈಡು.

"ಒಬ್ಬ ಮನುಷ್ಯ ಎಷ್ಟು ಸೇತುವೆ ಮೇಲಿಂದ ಬೀಳ್ತಾನಯ್ಯಾ?" ಎಂದರು ಯಜಮಾನರು. "ಅವನಿಗೆ ಬೇರೆ ಕಸುಬಿಲ್ವಾ?"

ನಾನು ನಕ್ಕೆ, ಗೈಡು ನಗಲಿಲ್ಲ. ಮೊದಲನೆಯದರಲ್ಲಿ ಅಣ್ಣನ ಕೆನ್ನೆ ನುಣ್ಣಗಿದೆ, ಎರಡನೆಯದರಲ್ಲಿ ಗಾಯವಿದೆ, ಇದಕ್ಕೇನು ಹೇಳುತ್ತೀಯ ಎಂದು ಯಜಮಾನರು ಮತ್ತೆ ತಿವಿದರು. ಗಾಯ ಅಂದ ಮೇಲೆ ಮಾಯುತ್ತದೆ ಯಜಮಾನ್ರೆ, ಎಂದ ಗೈಡು. ಅಷ್ಟು ಹೇಳಿ ನನ್ನ ಕಡೆ ತಿರುಗಿದ. ಸೇತುವೆಯ ಮೇಲೆ ಅವನು ಅಂದದ್ದು ಅದೇ ತಾನೇ ಸಾರ್? ಅದೇ, ಎಂದೆ.

ವಾರ ವಾರ ಇದೇ ಆಯಿತು. ಗೈಡು ಒಂದು ನೋಟ್‌ಬುಕ್ ಇಟ್ಟ. ಯಾವ ದೃಶ್ಯದಲ್ಲಿ ಯಾವ ಗ್ಲೌಸು, ಅದು ಹರಿದಿದೆಯೇ ಹೊಲಿದಿದೆಯೇ, ಯಾರ ಕೂದಲು ಎಷ್ಟು ಉದ್ದ ಎಂದು ಗೀಟು ಹಾಕಿ ಬರೆದುಕೊಂಡು ಬರುತ್ತಿದ್ದ. ಯಜಮಾನರು ಅದರ ಒಂದೊಂದು ಸಾಲನ್ನೂ ಕಿತ್ತು ಹಾಕುತ್ತಿದ್ದರು. ಎಲ್ಲಿಂದ ಶುರುವಾದರೂ ವಾದ ಕೊನೆಗೆ ಸೇತುವೆಗೇ ಬಂದು ನಿಲ್ಲುತ್ತಿತ್ತು, ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅದೇ, ಎನ್ನುತ್ತಿದ್ದೆ. ಕಿಟಕಿಯಲ್ಲಿ ಕೂತು ಒಂದೇ ರೈಲಿನ ಹೊತ್ತನ್ನು ನೂರು ಜನಕ್ಕೆ ಹೇಳಿದಾಗಲೂ ನನಗೆ ಅಷ್ಟು ಸುಸ್ತಾಗುತ್ತಿರಲಿಲ್ಲ. ಆ ಹೊತ್ತಾದರೂ ನಿಜವಿರುತ್ತಿತ್ತು.

ಸಾಕಪ್ಪಾ ಸಾಕು ಎನಿಸಿ, ಒಂದು ಬುಧವಾರ ಕೂಟಕ್ಕೆ ಮುಂಚೆ ನಾನೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ಗೈಡು ಒಬ್ಬನೇ ಇದ್ದಾಗ ನಿಜ ಹೇಳಿಬಿಡಬೇಕು, ನಕ್ಕು ಮುಗಿಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವನು ದೇವಸ್ಥಾನದಲ್ಲಿ ಒಂದು ಕುಟುಂಬವನ್ನು ಸುತ್ತಿಸುತ್ತಿದ್ದ. ಗೋಡೆಯಲ್ಲಿ ಕೆತ್ತಿದ ಕತೆ ಪ್ರದಕ್ಷಿಣೆಯ ದಾರಿಯಲ್ಲಿ ನಡೆದರೆ ಕ್ರಮವಾಗಿ ಬರುತ್ತದೆ, ತಿರುಗುಮುರುಗಾಗಿ ಬಂದವರಿಗೆ ಸಾವು ಮೊದಲು ಸಿಗುತ್ತದೆ, ಹುಟ್ಟು ಆಮೇಲೆ ಎಂದು ಹೇಳಿ ಅವರನ್ನು ನಗಿಸುತ್ತಿದ್ದ. ಅವರು ಹೋದ ಮೇಲೆ, ಬನ್ನಿ ಸಾರ್ ಎಂದು ನನ್ನನ್ನು ಬಸ್ತಿಹಳ್ಳಿಯ ಬಸದಿಗೆ ಕರೆದುಕೊಂಡು ಹೋದ. ಅಲ್ಲಿ ಜನವಿರಲಿಲ್ಲ. ಕನ್ನಡಿಯ ಹಾಗೆ ನುಣುಪಾದ ಕಂಬದ ಬುಡದಲ್ಲಿ ಕೂತೆವು.

ನಾನು ಬಾಯಿ ತೆರೆಯುವ ಮುಂಚೆ ಅವನೇ ತೆರೆದ. ಅವನಿಗೆ ಒಬ್ಬ ಅಣ್ಣನಿದ್ದ. ನಮ್ಮ ಕೂಟ ಶುರುವಾಗುವ ಹಿಂದಿನ ವರ್ಷ ಒಂದು ಬೆಳಿಗ್ಗೆ ಅಣ್ಣನಿಗೆ ಎದೆ ಹಿಡಿದುಕೊಂಡಿತು. ಹಾಸನದ ಆಸ್ಪತ್ರೆಗೆ ಹೋಗೋಣ ಎಂದು ತಮ್ಮನೇ ಅಂದ. ಅಷ್ಟರಲ್ಲಿ ಕಾಲೇಜಿನ ಟೂರು ಬಸ್ಸೊಂದು ಬಂತು. ಇದೊಂದು ಬಸ್ಸಿನವರನ್ನು ಸುತ್ತಿಸಿ ಬತ್ತೀನಿ, ಅಷ್ಟರಲ್ಲಿ ರೆಡಿಯಾಗಿರು ಎಂದು ಹೇಳಿ ಹೋದ. ಮಕ್ಕಳು ಫೋಟೋ ತೆಗೆಸಿಕೊಂಡರು, ಒಂದೂವರೆ ಗಂಟೆಯಾಯಿತು. ಬಂದು ನೋಡಿದರೆ ಅಣ್ಣ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಾನೆ, ಜೀವವಿಲ್ಲ.

"ಒಗೆದ ಶರ್ಟ್ ಹಾಕ್ಕಂಡು ಕೂತಿದ್ದ ಸಾರ್," ಎಂದ. "ಗುಂಡಿ ಎಲ್ಲ ಹಾಕ್ಕಂಡಿದ್ದ."

ಕಂಬದಲ್ಲಿ ನಮ್ಮಿಬ್ಬರ ಬಿಂಬ ಡೊಂಕಾಗಿ ಕಾಣುತ್ತಿತ್ತು, ಅದನ್ನೇ ನೋಡುತ್ತ ಕೂತೆ. ಅವತ್ತು ನೀವು ಆ ಮಾತು ಹೇಳಿದಾಗ ಎದೆಯ ಮೇಲಿನ ಚಪ್ಪಡಿ ಯಾರೋ ಸರಿಸಿದಂಗಾಯ್ತು ಎಂದ ಅವನು. ಮನೆಯಲ್ಲಿ ಯಾರೂ ಅವನನ್ನು ಬೈದಿರಲಿಲ್ಲವಂತೆ. ಆದರೆ ತಪ್ಪಿಲ್ಲ ಎಂದೂ ಯಾರೂ ಅಂದಿರಲಿಲ್ಲವಂತೆ, ಅತ್ತಿಗೆಯಂತೂ ಇಲ್ಲವೇ ಇಲ್ಲ. ಯಾವುದೋ ದೇಶದ ಸಿನಿಮಾದಲ್ಲಿ ಬೀಳುತ್ತಿರುವ ಒಬ್ಬ ಅಣ್ಣ ತನ್ನ ತಮ್ಮನಿಗೆ ಹಾಗನ್ನುತ್ತಾನಲ್ಲ, ನಮ್ಮಣ್ಣನೂ ಹಾಗೆ ಅಂದುಕೊಂಡೇ ಹೋಗಿರಬಹುದು ಅಲ್ಲವಾ ಸಾರ್, ಎಂದು ಕೇಳಿದ. ಅದಕ್ಕೇ ಆ ಮಾತು ಕೊನೆಗೆ ಬರಬೇಕು, ಅದರ ಮೇಲೆ ಇನ್ನೇನೂ ಬರಬಾರದು ಎಂದ.

ಜೋಡಿಸಿಕೊಂಡು ಹೋದ ಮಾತೆಲ್ಲ ನುಂಗಿಕೊಂಡೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಅರಸೀಕೆರೆಗೆ ಬಂದೆವು, ಒಂದೇ ಕೂಟಕ್ಕೆ ಹೋದೆವು. ಅವತ್ತೂ ಸೇತುವೆ ಬಂತು, ಅವತ್ತೂ ಅದೇ ಎಂದೆ. ಆಮೇಲಿನ ವರ್ಷಗಳಲ್ಲಿ ನನ್ನ ಸುಸ್ತು ಬೇರೆ ಥರದ್ದಾಯಿತು. ಸುಳ್ಳು ಹೇಳಿದವನಿಗೆ ಅದನ್ನು ಕಾಯುವ ಕೆಲಸವೂ ಇರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಮೂರನೇ ಭಾಗ ಬಂದಾಗ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಅದು ಅಣ್ಣತಮ್ಮಂದಿರು ಹರೆಯದಲ್ಲಿದ್ದಾಗಿನ ಕತೆ. ಗ್ಲೌಸು ಹೇಗೆ ಬಂತು, ಯಾಕೆ ಬಂತು ಎಂದೆಲ್ಲ ತೋರಿಸುತ್ತಾರೆ. ಆದರೆ ಹರೆಯದ ಅಣ್ಣನ ಕೆನ್ನೆಯ ಮೇಲೆ ಆಗಲೇ ಆ ಗಾಯವಿದೆ! ಯಜಮಾನರು ತಲೆ ಚಚ್ಚಿಕೊಂಡರು. ಮೊದಲು ಗಾಯ, ಆಮೇಲೆ ನುಣ್ಣನೆ ಕೆನ್ನೆ, ಮತ್ತೆ ಗಾಯ, ಮೇಕಪ್ಪಿನವನಿಗೆ ಯಾವುದು ಯಾವ ಭಾಗ ಎಂದೇ ಗೊತ್ತಿಲ್ಲ ಎಂದರು. ಗೈಡಿನ ಮುಖ ಮಾತ್ರ ಅರಳಿತು. ಮೂರು, ಎರಡು, ಒಂದು. ಹರೆಯದಲ್ಲಿ ಗಾಯ, ಹೊಡೆದಾಡುವಾಗಲೂ ಗಾಯ, ಸೇತುವೆಯ ಹೊತ್ತಿಗೆ ಮಾಯ್ದಿದೆ. ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಎರಡು ಗೀಟು ಎಳೆದ. ನಿಜ ಹೇಳಬೇಕೆಂದರೆ, ಅವನ ಲೆಕ್ಕಾಚಾರ ನನಗೂ ಒಪ್ಪಿಗೆಯಾಗಿಬಿಟ್ಟಿತ್ತು. ಯಜಮಾನರೂ ಒಂದೆರಡು ವಾರ ಸುಮ್ಮನಿದ್ದರು. ಆದರೆ ಅವರು ಸುಮ್ಮನಿದ್ದದ್ದು ಸೋತಲ್ಲ.

ಅವರ ಮಗಳನ್ನು ಬೇಲೂರಿಗೆ ಕೊಟ್ಟಿತ್ತು. ಅಲ್ಲಿಗೆ ಹೋದವರು ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಡಿವಿಡಿಯ ಡಬ್ಬಿಯೊಂದನ್ನೂ ಅದನ್ನು ಹಾಕಲು ಹೊಸ ಪ್ಲೇಯರನ್ನೂ ತಂದರು. ಮೂರೂ ಭಾಗ ಒಟ್ಟಿಗೆ, ಪಾತ್ರಗಳು ಆಡಿದ ಮಾತೆಲ್ಲ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುತ್ತದೆ. ಈಗ ಆಯಿತಲ್ಲ, ಇನ್ನು ಮೈಕಿನವರಿಗೂ ತೊಂದರೆಯಿಲ್ಲ, ನಾವೇ ಅಕ್ಷರ ಕೂಡಿಸಿ ಓದಿಕೊಂಡು ಇವತ್ತೇ ಇತ್ಯರ್ಥ ಮಾಡೋಣ ಎಂದರು. ತಲೆನೋವು ಎಂದು ಎದ್ದು ಹೋಗಬಹುದಿತ್ತು. ಹೋದರೂ ಅವರು ನೋಡುತ್ತಾರೆ, ಮುಂದಿನ ವಾರ ಕೇಳುತ್ತಾರೆ. ಅಲ್ಲೇ ಚೀಲಕ್ಕೆ ಒರಗಿ ಕೂತೆ.

ನೇರವಾಗಿ ಸೇತುವೆಗೇ ಹೋದರು. ತಮ್ಮ ಕಿರುಚಿದ, ಕೆಳಗೆ ಅಕ್ಷರ ಬಂತು, ಯಜಮಾನರು ಸಿನಿಮಾ ನಿಲ್ಲಿಸಿ ಒಂದೊಂದೇ ಪದ ಓದಿದರು. ಮುಂದೆ ಹೋಯಿತು. ಅಣ್ಣನ ತುಟಿ ಅಲ್ಲಾಡಿತು. ಕೆಳಗೆ ಏನೂ ಇಲ್ಲ. ಮ್ಯೂಸಿಕ್ಕಿದೆ ಎಂದು ತೋರಿಸುವ ಸಣ್ಣ ಗುರುತೊಂದಿತ್ತು, ಅಷ್ಟೆ. ಹಿಂದಕ್ಕೆ ಓಡಿಸಿದರು. ಮತ್ತೆ ಅದೇ. ಮೂರನೇ ಸಲ ಅಣ್ಣನ ಮುಖದ ಮೇಲೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇಲ್ಲಿ ಏನೂ ಬರ್ದಿಲ್ವಲ್ರೀ."

ಬರೆಯುವವನು ಬಿಟ್ಟಿರಬೌದು ಎಂದ ಗೈಡು, ನನಗಿಂತ ಮೊದಲು. ಹೌದು, ಬಿಟ್ಟಿರಬಹುದು, ಎಂದಿದ್ದರೆ ಮುಗಿಯುತ್ತಿತ್ತು. ಅವನೇ ದಾರಿ ಮಾಡಿಕೊಟ್ಟಿದ್ದ. ಯಾಕೋ ನನ್ನಿಂದ ಇನ್ನು ಆಗಲಿಲ್ಲ. ಅದು ಪ್ರಾಮಾಣಿಕತೆಯಲ್ಲ, ಹಾಗೆಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳು. ಹೊತ್ತು ಹೊತ್ತು ಭುಜ ಸೋತವನು ಕೆಳಗೆ ಇಡುತ್ತಾನಲ್ಲ, ಹಾಗೆ ಇಟ್ಟುಬಿಟ್ಟೆ. ಅವತ್ತು ನಾನು ನಿದ್ದೆ ಮಾಡಿದ್ದೆ, ಅವನು ಏನೂ ಅನ್ನಲಿಲ್ಲ, ಅಂದವನು ನಾನು ಎಂದು ನೆಲ ನೋಡಿಕೊಂಡು ಹೇಳಿದೆ.

ಯಜಮಾನರು ಬೈಯುತ್ತಾರೆಂದುಕೊಂಡಿದ್ದೆ. ಆರೇಳು ವರ್ಷದ ವಾದ ಗೆದ್ದಿದ್ದರು, ಗೆದ್ದೆ ಎನ್ನಲೂ ಇಲ್ಲ. ಗೈಡಿನ ಮುಖ ನೋಡಿ, ಕಾಫಿ ಏನಾಯಿತು ನೋಡುತ್ತೇನೆ ಎಂದು ಎದ್ದು ಒಳಗೆ ಹೋದರು. ಅವರಿಗೂ ಗೈಡಿನ ಅಣ್ಣನ ವಿಷಯ ಗೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು.

ಗೈಡು ಪರದೆಯನ್ನೇ ನೋಡುತ್ತಿದ್ದ. ಅಣ್ಣನ ಮುಖ ಹಾಗೇ ನಿಂತಿತ್ತು, ತುಟಿ ಅರ್ಧ ತೆರೆದು.

"ಹಂಗಾರೆ ಆ ಮಾತು ಯಾರ್ದು?" ಎಂದ.

"ನಂದು."

ತಲೆಯಾಡಿಸಿದ. ನೋಟ್‌ಬುಕ್ಕನ್ನು ಮಡಿಲಿನಿಂದ ತೆಗೆದು ಚೀಲದ ಮೇಲಿಟ್ಟ. ಆಮೇಲೆ ನನ್ನ ಕಡೆ ತಿರುಗಿ ಕೂತ.

"ಹಂಗಾರೆ ನೀವೇ ಇನ್ನೊಂದ್ಸಲ ಅನ್ನಿ ಸಾರ್. ನನ್ನ ಮುಖ ನೋಡ್ಕಂಡು ಅನ್ನಿ."

ಮೂರು ಪದ. ನಿದ್ದೆಗಣ್ಣಲ್ಲಿ ಸಲೀಸಾಗಿ ಬಂದಿದ್ದ ಪದಗಳು. ಅವನ ಮುಖ ನೋಡಿದೆ. ಜಗಲಿ ಕಂಡಿತು, ಒಗೆದ ಶರ್ಟು, ಒಂದೊಂದೇ ಗುಂಡಿ ಹಾಕಿಕೊಳ್ಳುತ್ತಿರುವ ಕೈ ಕಂಡಿತು. ಫೋಟೋ ತೆಗೆಸಿಕೊಳ್ಳುತ್ತಿರುವ ಕಾಲೇಜಿನ ಮಕ್ಕಳು ಕಂಡರು. ಒಂದೂವರೆ ಗಂಟೆ. ಬಸ್ಸು ಬಂದಾಗಲೇ, ಇವತ್ತು ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದಿದ್ದರೆ? ಯಾರಿಗೆ ಗೊತ್ತು, ಹಾಸನ ಮುಟ್ಟುತ್ತಿದ್ದರೋ ಏನೋ, ಮುಟ್ಟಿದ್ದರೂ ಉಳಿಯುತ್ತಿದ್ದನೋ ಇಲ್ಲವೋ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇಷ್ಟೆಲ್ಲ ನನ್ನ ತಲೆಯಲ್ಲಿ ಹಾದುಹೋಗುವಷ್ಟು ಹೊತ್ತೂ ಅವನು ಕಣ್ಣು ಕದಲಿಸದೆ ಕಾದ.

"ನಿನ್ನ ತಪ್ಪಿಲ್ಲ ಕಣೋ," ಎಂದೆ.

ಮನಸ್ಸಿಟ್ಟೇ ಅಂದೆ, ಅದರಲ್ಲಿ ಸುಳ್ಳಿರಲಿಲ್ಲ. ಅವನು ಹೂಂಗುಟ್ಟಿದ. ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಎದ್ದ, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡ. ಜಾವಗಲ್ ಬಸ್ಸಿಗೆ ಇನ್ನೂ ಸಾಕಷ್ಟು ಹೊತ್ತಿತ್ತು, ನನಗೆ ಗೊತ್ತಿತ್ತು.

"ಆವತ್ತು ಕೇಳಿದ್ ತಕ್ಷಣ ಅಂದಿದ್ರಿ ಸಾರ್," ಎಂದ. "ಇವತ್ತು ಯೋಚ್ನೆ ಮಾಡಿ ಅಂದ್ರಿ."

ಹೇಳಿ ಮೆಟ್ಟಿಲಿಳಿದು ಹೋದ. ಯಜಮಾನರು ಮೂರು ಲೋಟ ಕಾಫಿ ಹಿಡಿದು ಬಂದು ಬಾಗಿಲಲ್ಲಿ ನಿಂತರು.